ಮಲೆನಾಡಿನಲ್ಲಿದ್ದುಕೊಂಡು ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಅಭ್ಯಾಸ ಮಾಡಲು ಸಾಧ್ಯವೇ?

ತೀರ್ಥಹಳ್ಳಿಯಲ್ಲಿರುವ ತಾವು, 70 ಮಿ.ಮೀ. ದೂರದರ್ಶಕ ಕೈಯಲ್ಲಿದ್ದರೂ ವರ್ಷದ ನಾಲ್ಕು ತಿಂಗಳು ಮಳೆಗೇ ಹೋಗುವ ಊರಿನಲ್ಲಿ ಸೂರ್ಯನ ಚಟುವಟಿಕೆಯನ್ನು ಕಲಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು, ಸಾಗರ ಪಟ್ಟಣದ ಸಮೀಪದ ಹಳ್ಳಿಯಲ್ಲಿ ಇದೇ ಹವ್ಯಾಸ ಇಟ್ಟುಕೊಂಡವನಾಗಿ ಹೇಳುತ್ತಿದ್ದೇನೆ.

ಮೊದಲು ಕಣ್ಣಿನ ವಿಚಾರ. ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುವ ಸೌರ ಫಿಲ್ಟರ್ ಹಾಳೆಯನ್ನು ದೂರದರ್ಶಕದ ಮುಂಬದಿಗೆ ಗಾಳಿಗೆ ಹಾರದಂತೆ ಬಿಗಿಯಾಗಿ ಕೂರಿಸಿ, ಫೈಂಡರನ್ನು (ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕ) ಮುಚ್ಚಿಡಬೇಕು. ಕಣ್ಣಿಡುವ ಮಸೂರಕ್ಕೆ ತಿರುಗಿಸಿ ಹಾಕುವ ಚಿಕ್ಕ ಕಪ್ಪು ಗಾಜು ಜೊತೆಯಲ್ಲಿ ಬಂದಿದ್ದರೆ ಎಸೆದುಬಿಡಿ. ಶಾಖಕ್ಕೆ ಅದು ನೋಡುತ್ತಿರುವಾಗಲೇ ಒಡೆಯಬಹುದು. ಎಕ್ಸ್-ರೇ ಫಿಲ್ಮಿನ ಮಾತೇ ಬೇಡ.

ಇಬ್ಬನಿ ಕರಗಿದ ಮೇಲೆ, ಅಡಿಕೆ ಒಣಹಾಕುವ ಸಿಮೆಂಟಿನ ಅಂಗಳ ಕಾಯುವುದರೊಳಗೆ ನೋಡಿ ಮುಗಿಸುವುದು ಒಳ್ಳೆಯದು, ಕಾದ ನೆಲದ ಮೇಲಿನ ಗಾಳಿಯಲ್ಲಿ ಬಿಂಬ ನಡುಗುತ್ತದೆ. ಹುಲ್ಲಿನ ಮೇಲೆ ಸ್ಟ್ಯಾಂಡ್ ಇಟ್ಟರೆ ಇನ್ನೂ ವಾಸಿ.

ನನ್ನ ಅಭಿಪ್ರಾಯದಲ್ಲಿ ಫೋಟೋ ತೆಗೆಯುವುದಕ್ಕಿಂತ ಕೈಯಿಂದ ಚಿತ್ರ ಬರೆಯುವುದರಿಂದಲೇ ಹೆಚ್ಚು ತಿಳಿಯುತ್ತದೆ. ಹದಿನೈದು ಸೆಂಟಿಮೀಟರ್ ಅಗಲದ ವೃತ್ತ ಎಳೆದು, ಕಲೆಯ ನಡುವಿನ ಕಡುಗಪ್ಪನ್ನೂ ಸುತ್ತಲಿನ ಬೂದು ಅಂಚನ್ನೂ ಬೇರೆಬೇರೆಯಾಗಿ ಗುರುತಿಸಿ. ದೂರದರ್ಶಕವನ್ನು ಅಲುಗಿಸದೆ ಬಿಟ್ಟಾಗ ಬಿಂಬ ಯಾವ ಕಡೆಗೆ ಜಾರುವುದೋ ಅದು ಪಶ್ಚಿಮ. ಆ ಗೆರೆಯನ್ನೂ ಹಾಕಿ. ಪೂರ್ವದ ಅಂಚಿನಲ್ಲಿ ಚಪ್ಪಟೆಯಾಗಿ ಕಂಡ ಕಲೆಗಳ ಗುಂಪು ನಡುವಿಗೆ ಬರುತ್ತ ಅಗಲವಾಗಿ, ಸುಮಾರು ಎರಡು ವಾರಗಳಲ್ಲಿ ಪಶ್ಚಿಮದ ಅಂಚಿನಾಚೆ ಮರೆಯಾಗುವುದನ್ನು ನಿಮ್ಮದೇ ಹಾಳೆಗಳಲ್ಲಿ ಕಂಡಾಗ, ಸೂರ್ಯ ನಮಗೆ ಕಾಣುವಂತೆ ಸುಮಾರು 27 ದಿನಗಳಿಗೊಮ್ಮೆ ಸುತ್ತುತ್ತಾನೆಂಬುದು ಓದಿ ತಿಳಿದ ಸಂಗತಿಯಾಗಿ ಉಳಿಯುವುದಿಲ್ಲ.

ಕಲೆಗಳ ಎಣಿಕೆಗೆ ಸ್ವಿಸ್ ಖಗೋಳವಿಜ್ಞಾನಿ ರುಡಾಲ್ಫ್ ವುಲ್ಫ್ 19ನೆಯ ಶತಮಾನದಲ್ಲಿ ಮಾಡಿದ ಲೆಕ್ಕವೇ ಸಾಕು: ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಒಟ್ಟು ಕಲೆಗಳನ್ನು ಕೂಡಿಸುವುದು. ಮೂರು ಗುಂಪುಗಳಲ್ಲಿ ಹದಿನಾಲ್ಕು ಕಲೆಗಳಿದ್ದರೆ 44. ಬ್ರಸೆಲ್ಸ್‌ನಲ್ಲಿ ಸಿದ್ಧವಾಗುವ ಅಂತರರಾಷ್ಟ್ರೀಯ ಸಂಖ್ಯೆಯೊಡನೆ ಇದು ತಾಳೆಯಾಗದಿದ್ದರೆ ಗಾಬರಿ ಬೇಡ, ಪ್ರತಿಯೊಬ್ಬ ವೀಕ್ಷಕನ ಕಣ್ಣಿಗೂ ಉಪಕರಣಕ್ಕೂ ಹೊಂದುವ ಗುಣಕವೊಂದಿದ್ದೇ ಇರುತ್ತದೆ.

ಇನ್ನು ಮಳೆಗಾಲ. ಕಲೆಗಳ ಸಂಖ್ಯೆ ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವ ಸೌರಚಕ್ರದ ಏರಿಳಿತವನ್ನು ನಾಲ್ಕು ತಿಂಗಳ ಮೋಡ ಮುಚ್ಚಿಹಾಕಲಾರದು. ಆ ಚಕ್ರವನ್ನು 1843ರಲ್ಲಿ ಮೊದಲು ಪ್ರಕಟಿಸಿದ ಜರ್ಮನಿಯ ಶ್ವಾಬೆಯೂ ನಮ್ಮಂತೆ ಹವ್ಯಾಸಿ, ವೃತ್ತಿಯಿಂದ ಔಷಧ ವ್ಯಾಪಾರಿ. ಅವರು ಹುಡುಕುತ್ತಿದ್ದುದೇ ಬೇರೆ, ಬುಧನಿಗಿಂತ ಒಳಗಿನ ಗ್ರಹವೊಂದನ್ನು. ಮಳೆಯ ದಿನಗಳಲ್ಲಿ ನಾನು ಕೊಡೈಕೆನಾಲ್ ವೀಕ್ಷಣಾಲಯದ ಹಳೆಯ ಚಿತ್ರಗಳನ್ನು ನೋಡುತ್ತೇನೆ. ಕಲೆಯ ಬೂದು ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಬ್ರಿಟಿಷ್ ಖಗೋಳವಿಜ್ಞಾನಿ ಎವರ್ಶೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲಿಯೇ. ಆದರೆ ಇತರರ ಚಿತ್ರದಿಂದ ಎಣಿಸಿದ್ದನ್ನು ನಿಮ್ಮ ದಾಖಲೆಗೆ ಸೇರಿಸಬೇಡಿ. ಮೋಡದ ದಿನಕ್ಕೆ ಸೊನ್ನೆಯನ್ನೂ ಬರೆಯಬೇಡಿ, ಸೊನ್ನೆ ಎಂದರೆ ನೋಡಿದಾಗ ಕಲೆಯಿರಲಿಲ್ಲವೆಂದು ಅರ್ಥ. ಆ ಅಂಕಣವನ್ನು ಖಾಲಿ ಬಿಟ್ಟು, ತಿಂಗಳ ಸರಾಸರಿಗೆ ಒಟ್ಟು ಮೊತ್ತವನ್ನು ನೋಡಿದ ದಿನಗಳಿಂದ ಮಾತ್ರ ಭಾಗಿಸಿ.