ಆಫೀಸಿಗೂ ಸಕಲೇಶಪುರಕ್ಕೂ ಒಂದೇ ಬೈಕ್: 250ರಿಂದ 400 ಸಿಸಿ ಒಳಗೆ ಯಾವುದು, ಯಾಕೆ

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಕೆಂಗೇರಿಯಿಂದ ಮಾರತಹಳ್ಳಿಗೆ ದಿನಾ ಹೋಗಿಬರೋದು, ಒಂದು ಕಡೆಗೆ ಸುಮಾರು 27 ಕಿ.ಮೀ.; ತಿಂಗಳಿಗೊಮ್ಮೆ ಮನೆಯವರ ಜೊತೆ ಸಕಲೇಶಪುರ; ನಿಮ್ಮ ಎತ್ತರ 5 ಅಡಿ 5 ಇಂಚು; ಆನ್‌ರೋಡ್ 2.5 ಲಕ್ಷ ದಾಟಬಾರದು. ಪಟ್ಟಿಯಲ್ಲಿ ರಾಯಲ್ ಎನ್‌ಫೀಲ್ಡ್ ಹಂಟರ್ 350, ಹೋಂಡಾ ಹೈನೆಸ್ ಸಿಬಿ350, ಟ್ರಯಂಫ್ ಸ್ಪೀಡ್ 400, ಬಜಾಜ್ ಡಾಮಿನಾರ್ 400, ಸುಜುಕಿ ಜಿಕ್ಸರ್ 250, ಬಜಾಜ್ ಪಲ್ಸರ್ ಎನ್250 ಇವೆ. ನಿಮ್ಮ ಪ್ರಶ್ನೆಗೆ ಬೇರೆಯವರು ಕೊಟ್ಟ ಉತ್ತರಗಳಲ್ಲಿ ಹೆಚ್ಚಿನವು "40 ಪಿಎಸ್ ಸಿಗುವಾಗ 20 ಪಿಎಸ್ ಬೈಕ್ ಯಾಕೆ" ಅನ್ನೋದರ ಸುತ್ತಲೇ ಇವೆ (ಪಿಎಸ್ ಅಂದ್ರೆ ಇಂಜಿನ್ ಪವರ್‌ನ ಅಳತೆ). ನಿಮ್ಮ ಓಡಾಟಕ್ಕೆ ಆ ಲೆಕ್ಕ ಹೊಂದಲ್ಲ.

ತಿಂಗಳಿಗೆ 22 ದಿನ ಆಫೀಸು ಅಂದ್ರೆ ಸುಮಾರು 1,190 ಕಿ.ಮೀ. ಸಕಲೇಶಪುರ ಹೋಗಿಬರೋಕೆ 440. ಒಟ್ಟು 1,630ರಲ್ಲಿ ನಾಲ್ಕರಲ್ಲಿ ಮೂರು ಪಾಲು ರಿಂಗ್ ರೋಡಿನಲ್ಲಿ, ಬನಶಂಕರಿ, ಸಿಲ್ಕ್ ಬೋರ್ಡ್ ಹಾದು, ಎರಡನೇ ಗೇರಿನಲ್ಲಿ ಕಳೆಯುತ್ತೆ. ಹೈವೇಯಲ್ಲಿ ಹಿಂದೆ ಒಬ್ಬರು, ಬ್ಯಾಗು ಸೇರಿ 85–95ರಲ್ಲಿ ಸಲೀಸಾಗಿ ಹೋದರೆ ನಿಮಗೆ ಸಾಕು. ಹಾಗಾಗಿ ಮೊದಲು ನೋಡಬೇಕಾದ್ದು ಕಡಿಮೆ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಎಳೆಯೋ ಶಕ್ತಿ, ಅಂದ್ರೆ ಟಾರ್ಕ್ (ಅಳತೆ ಎನ್‌ಎಮ್), ಕ್ಲಚ್ ಎಷ್ಟು ಹಗುರ, ಬೈಕ್ ಎಷ್ಟು ಭಾರ, ಹಿಂದಿನ ಸೀಟು ಹೇಗಿದೆ. ಪವರ್ ಆಮೇಲೆ.

ದುಡ್ಡಿನ ವಿಷಯ ಮೊದಲೇ ಮುಗಿಸೋಣ, ಅಲ್ಲೇ ಎರಡು ಬೈಕ್ ಪಟ್ಟಿಯಿಂದ ಹೋಗುತ್ತವೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ 40 ಆಗಿದೆ. ಹಂಟರ್ 349 ಸಿಸಿ, ಸಿಬಿ350 348 ಸಿಸಿ, ಎರಡೂ ಗೆರೆಯ ಈಚೆ. ಸ್ಪೀಡ್ 400 ಮತ್ತು 373 ಸಿಸಿಯ ಡಾಮಿನಾರ್ ಆಚೆ. ಇನ್ಶೂರೆನ್ಸಿಗೂ ಅದೇ ಗೆರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. 2022ರ ಜೂನ್‌ನ ದರಪಟ್ಟಿಯಲ್ಲಿ 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ದಾಟಿದರೆ 15,117, ಮೇಲೆ ತೆರಿಗೆ. ಇದರ ಜೊತೆಗೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್, ಲಕ್ಷ ದಾಟಿದ ಬೈಕಿಗೆ 18 ಪರ್ಸೆಂಟ್. ಇವೆಲ್ಲ ಸೇರಿದರೆ ನಿಮ್ಮ 2.5 ಲಕ್ಷದಲ್ಲಿ ಹೊಸ ಸ್ಪೀಡ್ 400 ಆಗಲಿ, ಡಾಮಿನಾರ್ 400 ಆಗಲಿ ಮನೆಗೆ ಬರಲ್ಲ. ಹಂಟರ್ 2 ಲಕ್ಷದ ಆಸುಪಾಸು, ಸಿಬಿ350 ನಿಮ್ಮ ಬಜೆಟ್ಟಿನ ಅಂಚು, ಪಲ್ಸರ್ ಎನ್250 ಎಲ್ಲಕ್ಕಿಂತ ಅಗ್ಗ. ಶೋರೂಮಿನಲ್ಲಿ ಕೊಟೇಷನ್ ತಗೊಳ್ಳುವಾಗ ಎಕ್ಸ್‌ಶೋರೂಮ್, ಟ್ಯಾಕ್ಸ್, ಇನ್ಶೂರೆನ್ಸ್ ಬೇರೆ ಬೇರೆ ಬರೆಸಿ. "ಹ್ಯಾಂಡ್ಲಿಂಗ್", "ಎಸೆನ್ಷಿಯಲ್ ಕಿಟ್" ಅಂತ ಸೇರಿಸಿದ್ದರೆ ತೆಗೆಸಿ. ಸಾರಿ ಗಾರ್ಡ್ ಮಾತ್ರ ತೆಗೆಸಬೇಡಿ, ನಿಮಗೆ ಅದು ಬೇಕು. ಹೆಲ್ಮೆಟ್ ಎರಡು, ರೈನ್‌ಕೋಟ್, ಗ್ಲವ್ಸ್, ಸ್ಯಾಡಲ್ ಸ್ಟೇ (ಬ್ಯಾಗು ಚಕ್ರಕ್ಕೆ ತಾಗದ ಹಾಗೆ ತಡೆಯೋ ಕಂಬಿ) ಅಂತ ಹದಿನೈದು ಸಾವಿರ ಪಕ್ಕಕ್ಕೆ ಇಟ್ಟೇ ಬಜೆಟ್ ಹಾಕಿ.

ಈಗ ಬೈಕುಗಳು. ಜಿಕ್ಸರ್ 250 ಕೇವಲ 156 ಕೆಜಿ, ಇಂಜಿನ್ ನುಣುಪು, ಆಯಿಲ್ ಕೂಲಿಂಗ್ ಇರೋದರಿಂದ ರೇಡಿಯೇಟರ್ ತಲೆನೋವಿಲ್ಲ. ಒಬ್ಬರೇ ಓಡಾಡೋರಾಗಿದ್ದರೆ ಅದನ್ನೇ ತಗೊಳ್ಳಿ ಅಂತಿದ್ದೆ. ಆದರೆ ಅದರ 22.2 ಎನ್‌ಎಮ್ ಟಾರ್ಕ್ ಸಿಗೋದು 7,300 ಆರ್‌ಪಿಎಂನಲ್ಲಿ. ಸಕಲೇಶಪುರದ ಹತ್ತಿರದ ದೋಣಿಗಲ್ ಏರಿನಲ್ಲಿ ಇಬ್ಬರಿದ್ದಾಗ ಪದೇ ಪದೇ ಗೇರ್ ಇಳಿಸಬೇಕಾಗುತ್ತೆ. ಹಿಂದಿನ ಸೀಟು ಬೇರೆಯಾಗಿ, ಎತ್ತರದಲ್ಲಿ, ಚಿಕ್ಕದಾಗಿದೆ. ಸೀರೆ ಉಟ್ಟು ಒಂದು ಕಡೆ ಕಾಲು ಹಾಕಿ ಕೂರೋರಿಗೆ ಚನ್ನರಾಯಪಟ್ಟಣ ದಾಟೋ ಹೊತ್ತಿಗೆ ಸೊಂಟ ಹಿಡಿಯುತ್ತೆ. ಪಲ್ಸರ್ ಎನ್250 ಇದಕ್ಕಿಂತ ಕೆಳಗಿನ ಆರ್‌ಪಿಎಂನಲ್ಲಿ ಎಳೆಯುತ್ತೆ, 14 ಲೀಟರ್ ಟ್ಯಾಂಕ್, ಬಿಡಿಭಾಗ ತಾಲ್ಲೂಕು ಮಟ್ಟದಲ್ಲೂ ಸಿಗುತ್ತೆ. ದುಡ್ಡು ಉಳಿಸೋದೇ ಮುಖ್ಯ ಅಂದ್ರೆ ಅದು ಸರಿಯಾದ ಆಯ್ಕೆ. ಸ್ಪ್ಲಿಟ್ ಸೀಟಿನ ತೊಂದರೆ ಮಾತ್ರ ಅಲ್ಲೂ ಇದೆ.

ಹಂಟರ್ 27 ಎನ್‌ಎಮ್ ಕೊಡೋದು 4,000 ಆರ್‌ಪಿಎಂನಲ್ಲಿ, ಸಿಬಿ350 30 ಎನ್‌ಎಮ್ ಕೊಡೋದು 3,000ದಲ್ಲೇ. ಟ್ರಾಫಿಕ್ಕಿನಲ್ಲಿ ಇದರ ಅರ್ಥ ಏನು ಅಂದ್ರೆ, ಮುಂದಿನ ಬಸ್ಸು ತೆವಳುವಾಗ ನೀವು ಕ್ಲಚ್ ಪೂರ್ತಿ ಬಿಟ್ಟು ಎರಡನೇ ಗೇರಿನಲ್ಲಿ ಹಾಗೇ ಹಿಂಬಾಲಿಸಬಹುದು. ಸ್ಪೀಡ್ 400ನಂಥ ಹೈ ಪರ್ಫಾರ್ಮೆನ್ಸ್ ಸಿಂಗಲ್ ಸಿಲಿಂಡರ್ 3,000 ಆರ್‌ಪಿಎಂ ಕೆಳಗೆ ಇಳಿದರೆ ಚೈನ್ ಕುಟ್ಟೋಕೆ ಶುರು ಮಾಡುತ್ತೆ. ಅರ್ಧ ಕ್ಲಚ್ ಹಿಡಿಯಲೇಬೇಕು. ದಿನಾ ಒಂದೂವರೆ ಗಂಟೆ ಅರ್ಧ ಕ್ಲಚ್ ಹಿಡಿದರೆ ಮಣಿಕಟ್ಟು ನೋಯುತ್ತೆ, ಕ್ಲಚ್ ಪ್ಲೇಟ್ ಬೇಗ ಸವೆಯುತ್ತೆ, ಫ್ಯಾನ್ ಆನ್ ಆದಾಗಲೆಲ್ಲ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತೆ. ಬೈಕ್ ಕೆಟ್ಟದ್ದು ಅಂತಲ್ಲ. ತೆರೆದ ರಸ್ತೆಯಲ್ಲಿ ಈ ಪಟ್ಟಿಯಲ್ಲೇ ಒಳ್ಳೇದು ಅದು. ನಿಮ್ಮ ನಾಲ್ಕರಲ್ಲಿ ಮೂರು ಪಾಲು ತೆರೆದ ರಸ್ತೆ ಅಲ್ಲ ಅಷ್ಟೇ. ಡಾಮಿನಾರ್ 193 ಕೆಜಿ. ನಿಮ್ಮ ಎತ್ತರಕ್ಕೆ, ಇಳಿಜಾರಿನ ಬೇಸ್‌ಮೆಂಟ್ ಪಾರ್ಕಿಂಗಿನಿಂದ ಅದನ್ನು ಹಿಂದಕ್ಕೆ ತಳ್ಳೋದು ದಿನದ ಕಷ್ಟ.

ಪೆಟ್ರೋಲ್ ಲೆಕ್ಕ: ಲೀಟರಿಗೆ 34 ಕೊಟ್ಟರೆ ತಿಂಗಳಿಗೆ 48 ಲೀಟರ್, 28 ಕೊಟ್ಟರೆ 58 ಲೀಟರ್. ಲೀಟರಿಗೆ ನೂರರ ಮೇಲಿನ ದರದಲ್ಲಿ ತಿಂಗಳಿಗೆ ಸಾವಿರ ರೂಪಾಯಿ ವ್ಯತ್ಯಾಸ. ಇದೊಂದರ ಮೇಲೇ ಬೈಕ್ ಆರಿಸಬೇಡಿ.

ಹಂಟರ್ ಅಥವಾ ಸಿಬಿ350? ಎರಡೂ 181 ಕೆಜಿ. ಹಂಟರಿನ ಸೀಟು 790 ಮಿ.ಮೀ., ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) 1,370 ಮಿ.ಮೀ., ಎರಡೂ ಚಕ್ರ 17 ಇಂಚು; ಸಂದಿಯಲ್ಲಿ ತಿರುಗಿಸೋಕೆ ಅದೇ ಚುರುಕು. ಹಿಂದಿನ ಸಸ್ಪೆನ್ಷನ್ ಗಟ್ಟಿ ಅನ್ನೋ ದೂರು ಮೊದಲಿನಿಂದ ಇತ್ತು. 2025ರ ಏಪ್ರಿಲ್‌ನಲ್ಲಿ ಬಂದ ಮಾಡೆಲ್ಲಿನಲ್ಲಿ ಸ್ಪ್ರಿಂಗ್ ಬದಲಾಗಿದೆ, ಹಗುರವಾಗಿ ಹಿಡಿಯಬಹುದಾದ ಸ್ಲಿಪ್ ಅಸಿಸ್ಟ್ ಕ್ಲಚ್ ಬಂದಿದೆ, ಗ್ರೌಂಡ್ ಕ್ಲಿಯರೆನ್ಸ್ 10 ಮಿ.ಮೀ. ಜಾಸ್ತಿಯಾಗಿದೆ. ತಗೊಂಡರೆ ಅದನ್ನೇ ತಗೊಳ್ಳಿ, ಹಳೇ ಸ್ಟಾಕ್ ರಿಯಾಯಿತಿಗೆ ಕೊಡ್ತೀವಿ ಅಂದರೂ ಬೇಡ. ಅತಿ ಕಡಿಮೆ ಬೆಲೆಯ ವೇರಿಯಂಟ್ ಕೂಡ ಬೇಡ: ಸ್ಪೋಕ್ ಚಕ್ರ, ಟ್ಯೂಬ್ ಇರೋ ಟೈರು, ಹಿಂದೆ ಡ್ರಮ್ ಬ್ರೇಕ್, ಸಿಂಗಲ್ ಚಾನೆಲ್ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯೋ ವ್ಯವಸ್ಥೆ, ಮುಂದಿನ ಚಕ್ರಕ್ಕೆ ಮಾತ್ರ). ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಮೊಳೆ ಕೀಳಿ, ತೂತಿನಲ್ಲಿ ರೀಮರ್ (ಉಜ್ಜೋ ಕಡ್ಡಿ) ಆಡಿಸಿ, ರಬ್ಬರ್ ಸ್ಟ್ರಿಪ್ ತುರುಕಿ, ಪುಟ್ಟ ಪಂಪಿನಲ್ಲಿ ಗಾಳಿ ಹೊಡೆದು ಹದಿನೈದು ನಿಮಿಷದಲ್ಲಿ ಹೊರಡಬಹುದು. ಟ್ಯೂಬ್ ಟೈರಾದರೆ ಶಿರಾಡಿ ಘಾಟಿಯಲ್ಲಿ ಚಕ್ರ ಬಿಚ್ಚಬೇಕು.

ಸಿಬಿ350ಯಲ್ಲಿ 15 ಲೀಟರ್ ಟ್ಯಾಂಕು, ಹಿಂದಿನವರಿಗೆ ಅಗಲ ಸೀಟು, ಇಂಜಿನ್ ನಡುಕ ಕಡಿಮೆ. ಆರ್‌ಎಸ್ ಅನ್ನೋ ಮಾಡೆಲ್ ನೋಡೋಕೆ ಚೆಂದ, ಇಬ್ಬರಿಗೆ ಹೈನೆಸ್ಸೇ ಒಳ್ಳೇದು. ತೊಂದರೆ ಏನಂದ್ರೆ ಇದರ ಮಾರಾಟ, ಸರ್ವಿಸ್ ಬಿಗ್‌ವಿಂಗ್ ಶೋರೂಮಿನಲ್ಲಿ. ಆಕ್ಟಿವಾ ಮಾರೋ ಅಂಗಡಿಯಲ್ಲಿ ಅಲ್ಲ. ನಿಮ್ಮ ದಾರಿಯಲ್ಲಿ ಹತ್ತಿರದ್ದು ಎಲ್ಲಿದೆ, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಇಂಡಿಕೇಟರ್ ಸ್ಟಾಕ್ ಇರುತ್ತಾ ಅಂತ ಫೋನ್ ಮಾಡಿ ಕೇಳಿ. ಹಂಟರಿನ ಬಿಡಿಭಾಗಕ್ಕೆ ಹಾಸನ, ಚಿಕ್ಕಮಗಳೂರಿನಲ್ಲಿ ಪರದಾಡಬೇಕಾಗಿಲ್ಲ.

ನನ್ನ ಆಯ್ಕೆ: ಆಫೀಸಿನ ಓಡಾಟವೇ ಜಾಸ್ತಿ ಇರೋದರಿಂದ 2025ರ ಹಂಟರ್, ಅಲಾಯ್ ವೀಲ್, ಡ್ಯುಯಲ್ ಚಾನೆಲ್ ಎಬಿಎಸ್ ಇರೋದು. ಆದರೆ ಕೊನೇ ಮಾತು ಮನೆಯವರದ್ದು. ಟೆಸ್ಟ್ ರೈಡಿಗೆ ಅವರನ್ನೂ ಕರ್ಕೊಂಡು ಹೋಗಿ, ಶೋರೂಮಿನ ಬೀದಿಯಲ್ಲಿ ಒಂದು ಸುತ್ತು ಹಾಕಿ ಸುಮ್ಮನಾಗಬೇಡಿ. ಸಂಜೆ ಆರರ ಮೇಲೆ, ಕನಿಷ್ಠ ಇಪ್ಪತ್ತು ನಿಮಿಷ ಕೇಳಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನ್ಯೂಟ್ರಲ್ ಸುಲಭವಾಗಿ ಬೀಳುತ್ತಾ ನೋಡಿ. ಹಂಪ್ ಮೇಲೆ ಹಿಂದಿನವರು ಸೀಟಿನಿಂದ ಎದ್ದು ಬೀಳ್ತಾರಾ, ಅವರ ಪಾದ ಸೈಲೆನ್ಸರಿಗೆ ತಾಗುತ್ತಾ, ಹಿಡಿಕೆ ಕೈಗೆ ಸಿಗುತ್ತಾ ಅಂತ ಅವರನ್ನೇ ಕೇಳಿ. ಅವರಿಗೆ ಹಂಟರ್ ಆಗಲ್ಲ ಅಂದರೆ ಹಿಂದೆ ಮುಂದೆ ನೋಡದೆ ಸಿಬಿ350ಗೆ ಹೋಗಿ.

ಇಬ್ಬರು ಹೊರಡುವ ಮುನ್ನ ಮಾಡಬೇಕಾದ, ಬಹಳ ಜನ ಮಾಡದ ಕೆಲಸ ಒಂದಿದೆ: ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದ್ರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನೋದನ್ನು ಹೊಂದಿಸೋದು. ಸ್ಪ್ರಿಂಗ್ ಬುಡದಲ್ಲಿ ಮೆಟ್ಟಿಲಿನ ಥರ ಕಚ್ಚುಗಳಿರೋ ಕಾಲರ್ ಇರುತ್ತೆ. ಟೂಲ್‌ಕಿಟ್‌ನ ಕೊಕ್ಕೆ ಸ್ಪ್ಯಾನರ್ ಹಾಕಿ ಎರಡು ಮೆಟ್ಟಿಲು ಮೇಲೇರಿಸಿ, ಎರಡೂ ಕಡೆ ಒಂದೇ ಮೆಟ್ಟಿಲಿಗೆ. ಹಾಗೆ ಮಾಡದಿದ್ದರೆ ಹಿಂಭಾಗ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ತಿರುವಿನಲ್ಲಿ ಬೈಕ್ ಅಗಲಕ್ಕೆ ಹೋಗುತ್ತೆ, ಹಂಪಿನಲ್ಲಿ ಸ್ಟ್ಯಾಂಡ್ ಉಜ್ಜುತ್ತೆ. ವಾಪಸ್ ಬಂದು ಸೋಮವಾರ ಒಬ್ಬರೇ ಹೋಗುವಾಗ ಇಳಿಸಿ. ಟೈರಿನ ಗಾಳಿಯೂ ಹಾಗೆಯೇ: ಇಬ್ಬರಿದ್ದಾಗ ಎಷ್ಟು ಅಂತ ಬೈಕಿನ ಸ್ಟಿಕ್ಕರಿನಲ್ಲಿ ಬೇರೆ ಬರೆದಿರುತ್ತೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹೊಡೆಸಿ. ಐವತ್ತು ಕಿ.ಮೀ. ಓಡಿಸಿ ಬಂಕಿನಲ್ಲಿ ನೋಡಿದರೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಅದನ್ನು ನೋಡಿ ಗಾಳಿ ಬಿಟ್ಟರೆ ನಿಜವಾಗಿ ಕಡಿಮೆಯಾಗಿಬಿಡುತ್ತೆ.

ಘಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ. ಭಾರ ಹೊತ್ತ ಬೈಕಿನಲ್ಲಿ ಬ್ರೇಕ್ ಆಯಿಲ್ ಕುದಿಯೋ ಹಂತಕ್ಕೆ ಬಂದು ಪೆಡಲ್ ಸ್ಪಂಜಿನ ಹಾಗೆ ಒಳಕ್ಕೆ ಹೋಗುತ್ತೆ. ಎರಡನೇ, ಮೂರನೇ ಗೇರಿನಲ್ಲಿ ಇಂಜಿನ್ನೇ ಹಿಡಿಯಲಿ, ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಗಾಳಿಯ ತೇವ ಹೀರಿಕೊಂಡಷ್ಟೂ ಅದು ಬೇಗ ಕುದಿಯುತ್ತೆ.

ಇನ್ನೂ ಮನಸ್ಸು ಸ್ಪೀಡ್ 400 ಮೇಲೇ ಇದ್ದರೆ ಸೆಕೆಂಡ್ ಹ್ಯಾಂಡ್ ನೋಡಬಹುದು. 2023ರ ಜುಲೈನಲ್ಲಿ ಬಂದ ಬೈಕು, ಸರ್ವಿಸ್ ಅಂತರ 16,000 ಕಿ.ಮೀ. ಅಥವಾ ಒಂದು ವರ್ಷ. ನಿಮ್ಮ ಓಡಾಟಕ್ಕೆ ಹತ್ತು ತಿಂಗಳಲ್ಲೇ ಅಷ್ಟಾಗುತ್ತೆ. ನೋಡೋಕೆ ಹೋದಾಗ ಇಂಜಿನ್ ತಣ್ಣಗಿರಬೇಕು, ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ಮಧ್ಯದಲ್ಲಿ ಕಚ್ಚಿದ ಹಾಗಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಚೈನ್ ಸೆಟ್ ಖರ್ಚು ಬೆಲೆಯಲ್ಲಿ ಕಳೆಯಿರಿ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ: 2323 ಅಂದ್ರೆ 2023ರ 23ನೇ ವಾರ. ಫೋರ್ಕ್ ರಾಡಿನ ಮೇಲೆ ಎಣ್ಣೆ ಉಂಗುರ ಇದೆಯಾ, ಕೂಲೆಂಟ್ ಬಣ್ಣ ತುಕ್ಕಿನ ಹಾಗಿದೆಯಾ ನೋಡಿ. ಕಾಗದದಲ್ಲಿ ಲೋನ್ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ 29 ಮತ್ತು 30. ಬಾಕಿ ಟ್ರಾಫಿಕ್ ದಂಡ ಗಾಡಿ ನಂಬರ್ ಹಾಕಿ ನೋಡಿಕೊಂಡ ಮೇಲೇ ಅಡ್ವಾನ್ಸ್ ಕೊಡಿ.

ಯಾವುದನ್ನೇ ತಗೊಂಡರೂ ಚೈನು ನಿಮ್ಮ ಕೈಯಲ್ಲೇ ಇರಲಿ. 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದು ಬಂದ ರಾತ್ರಿಯೇ ಒಂದು ಸಲ, ಚೈನ್ ಬೆಚ್ಚಗಿರುವಾಗ ಲ್ಯೂಬ್ ಹಾಕಿ. ಲ್ಯೂಬ್ ಚೈನಿನ ಒಳಬದಿಗೆ ಬೀಳಬೇಕು, ಹೊರಬದಿಗಲ್ಲ. ಪೆಟ್ರೋಲಿನಲ್ಲಿ ತೊಳೆದರೆ ಕೊಂಡಿಗಳ ನಡುವಿನ ರಬ್ಬರ್ ಉಂಗುರ (ಓ ರಿಂಗ್) ಹಾಳಾಗುತ್ತೆ. ಬಿಗಿ ಎಷ್ಟಿರಬೇಕು ಅಂತ ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್ ಮೇಲೋ ಮ್ಯಾನ್ಯುವಲ್ಲಿನಲ್ಲೋ ಇರುತ್ತೆ. ಮೆಕ್ಯಾನಿಕ್ ತಂತಿಯ ಹಾಗೆ ಬಿಗಿ ಮಾಡಿ ಕೊಟ್ಟರೆ ಸಡಿಲ ಮಾಡಿಸಿ. ಇಬ್ಬರು ಕೂತಾಗ ಸಸ್ಪೆನ್ಷನ್ ತಗ್ಗಿ ಚೈನ್ ಇನ್ನೂ ಬಿಗಿಯಾಗುತ್ತೆ, ಆ ಎಳೆತ ಗೇರ್‌ಬಾಕ್ಸಿನ ಬೇರಿಂಗಿಗೆ ಬೀಳುತ್ತೆ. ನಿಮ್ಮ ಪಾರ್ಕಿಂಗ್ ಇಳಿಜಾರು ಎಷ್ಟಿದೆ, ಮನೆಯವರು ಹೇಗೆ ಕೂರ್ತಾರೆ ಅನ್ನೋದನ್ನು ಬರೆಯಿರಿ, ಹಂಟರಿಗೆ ಯಾವ ಹಿಡಿಕೆ, ಯಾವ ಸ್ಟೇ ಹೊಂದುತ್ತೆ ಅಂತ ಹೇಳ್ತೀನಿ.