2020ರ ಜನಗಣತಿಯಲ್ಲಿ ಅಮೆರಿಕದ ಲವಿಂಗ್ ಕೌಂಟಿಯಲ್ಲಿ ಬರೀ 64 ಜನ ಇದ್ದದ್ದು ಯಾಕೆ?

ಮುಖ್ಯ ಕಾರಣ, ಅಲ್ಲಿ ಒಳ್ಳೆಯ ನೀರಿಲ್ಲ. ಟೆಕ್ಸಾಸ್‌ನ ಪಶ್ಚಿಮದಲ್ಲಿರುವ ಈ ಕೌಂಟಿ, ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ, ಸುಮಾರು 1,750 ಚದರ ಕಿಲೋಮೀಟರ್ ಇದೆ. ಆದರೆ ಮಳೆ ತೀರಾ ಕಮ್ಮಿ. ಅಂಚಿನಲ್ಲಿ ಹರಿಯುವ ಪೆಕೋಸ್ ನದಿಯ ನೀರು ಉಪ್ಪು. ಹಾಗಾಗಿ ಬೇಸಾಯ ಬೇರೂರಲಿಲ್ಲ. ಊರು ಅಂತ ಇರುವುದು ಮೆಂಟೋನ್ ಒಂದೇ. ಕೋರ್ಟು, ಕಚೇರಿ ಎಲ್ಲ ಅಲ್ಲೇ.

ಹಾಗಂತ ಬಡ ಜಾಗ ಅಂದುಕೊಳ್ಳಬೇಡಿ. ನೆಲದಡಿ ಕಚ್ಚಾತೈಲ ಜಾಸ್ತಿ ಇದೆ. ಕೆಲಸಕ್ಕೆ ಬರುವವರೂ ತುಂಬ ಜನ. ಆದರೆ ಅವರು ಪಾಳಿ ಮುಗಿದ ಮೇಲೆ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಜನಗಣತಿ ಲೆಕ್ಕ ಹಾಕುವುದು ಯಾರು ಎಲ್ಲಿ ವಾಸವಿದ್ದಾರೆ ಅಂತ, ಎಲ್ಲಿ ದುಡಿಯುತ್ತಾರೆ ಅಂತ ಅಲ್ಲ. 2020ರ ಆ 64 ಮಂದಿ ಅಲ್ಲಿಯೇ ಮನೆ ಮಾಡಿಕೊಂಡವರು.