ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಹನಿ ಸಾಕೇ?

ನಮಸ್ಕಾರ. ನಿಮ್ಮ ತಾಯಿಯವರ ಪೊರೆಯನ್ನು ಇಂಜೆಕ್ಷನ್ ಇಲ್ಲದೆ, ಬರೀ ಹನಿ ಹಾಕಿ ತೆಗೆಯುವುದಾಗಿ ವೈದ್ಯರು ಹೇಳಿದ್ದಾರೆ, ನೋವಾಗದೇ ಎಂದು ಕೇಳಿದ್ದೀರಿ. ನಿಮ್ಮ ಆತಂಕ ಸಹಜವಾದುದೇ.

ಪ್ರೊಪಾರಕೇನ್ ಎಂಬ ಅರಿವಳಿಕೆ ಹನಿ ಬಿದ್ದೊಡನೆ ಕಣ್ಣು ಕೊಂಚ ಉರಿಯುತ್ತದೆ. ಅರ್ಧ ನಿಮಿಷದೊಳಗೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ನರತುದಿಗಳು ಮರಗಟ್ಟಿ, ಸುಮಾರು ಕಾಲು ಗಂಟೆ ಹಾಗೆಯೇ ಇರುತ್ತವೆ. ಪೊರೆಯನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಛೇದನವು ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ಚಿಕ್ಕದಾಗಿರುವುದರಿಂದ ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ಒಳಗೆ ಒತ್ತಿದಂತೆ ಅನ್ನಿಸಿದರೆ ತಾಯಿಯವರು ತಲೆ ಅಲ್ಲಾಡಿಸದೆ ಬಾಯಲ್ಲಿ ಹೇಳಲಿ. ಆಗ ಕಣ್ಣಿನೊಳಕ್ಕೆ ಲಿಡೋಕೇನ್ ಎಂಬ ಅರಿವಳಿಕೆ ಔಷಧ ಬಿಡುವ ಅವಕಾಶವಿದೆ.

ನನ್ನ ದೃಷ್ಟಿಯಲ್ಲಿ ನೋವಿಗಿಂತ ಮುಖ್ಯವಾದ ವಿಷಯ ಬೇರೆ ಇದೆ. ಇಂಜೆಕ್ಷನ್ ಕಣ್ಣಿನ ಚಲನೆಯನ್ನೂ ತಡೆಯುತ್ತದೆ, ಹನಿ ತಡೆಯುವುದಿಲ್ಲ. ಆದ್ದರಿಂದ ಮೈಕ್ರೋಸ್ಕೋಪಿನ ಪ್ರಖರ ಬೆಳಕನ್ನೇ ದಿಟ್ಟಿಸುತ್ತ, ವೈದ್ಯರು ಹೇಳಿದಂತೆ ಅಲುಗದೆ ಮಲಗಿರುವುದು ಅವರಿಗೆ ಸಾಧ್ಯವೇ ಎಂಬುದನ್ನು ನೀವು ಪ್ರಾಮಾಣಿಕವಾಗಿ ಯೋಚಿಸಬೇಕು. ಕಿವಿ ಮಂದವಿದ್ದರೆ, ತಲೆ ನಡುಗುತ್ತಿದ್ದರೆ, ಕೆಮ್ಮು ಅಥವಾ ವಿಪರೀತ ಭಯವಿದ್ದರೆ ಮೊದಲೇ ತಿಳಿಸಿ. ಅಂಥವರಿಗೆ ಇಂಜೆಕ್ಷನ್ನೇ ಮೇಲು ಎಂದು ವೈದ್ಯರು ನಿರ್ಧರಿಸಬಹುದು. ಇಂಜೆಕ್ಷನ್ನಿನಲ್ಲಿ ಸೂಜಿಯಿಂದ ರಕ್ತಸ್ರಾವವಾಗುವ ಅಪಾಯ ಅಪರೂಪವಾದರೂ ಇದ್ದೇ ಇದೆ; ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ.

ಉಳಿದ ಹನಿಯನ್ನು ಮನೆಗೆ ತರಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ಪದೇ ಪದೇ ಹಾಕಿದರೆ ಕಾರ್ನಿಯಾದ ಮೇಲ್ಪದರ ಮಾಯುವುದಿಲ್ಲ, ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಜೊತೆಗೆ ಸೋಂಕಿನ ಮುನ್ಸೂಚನೆಯಾದ ನೋವನ್ನೂ ಅದು ಮುಚ್ಚಿಹಾಕುತ್ತದೆ. ಮನೆಗೆ ಬಂದ ಮೇಲೆ ನೋವು ಹೆಚ್ಚಾದರೆ ಅಥವಾ ದೃಷ್ಟಿ ಮಂಜಾಗುತ್ತ ಹೋದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.